ಹದಿನೇಳನೇ ಜಾಡಿಯ ಏಡಿ

"ಅದು ಬಸುರಿ ಕಣೇ, ಬಿಟ್ಬಿಡು ಅಂತ ನಾನೂ ಬೈದಿದ್ದೆ ತಾಯಿ," ಎಂದಳು ಜುಂಜಮ್ಮ. "ಅದಕ್ಕೆ ನನ್ ಮಗಳು ನಕ್ಕಿದ್ದೇ ನಕ್ಕಿದ್ದು."

ಉಜ್ಜಿನಮ್ಮ ತುಟಿಗೆ ಒಯ್ದಿದ್ದ ಮಜ್ಜಿಗೆ ಲೋಟವನ್ನು ಹಾಗೇ ಕೆಳಗಿಟ್ಟಳು. "ಯಾವುದು ಬಸುರಿ?"

"ಅದೇ, ಆ ಸೀಸೆ ಒಳಗಿನ ಏಡಿ. ಫೋನಾಗೆ ತೋರ್ಸಿದ್ಲು. ಮೌನಿಕಾ, ನಿಮ್ಮಕ್ಕನ ವಿಡಿಯೊ ಕಾಲ್ ರೆಕಾರ್ಡ್ ಮಾಡಿದ್ಯಲ್ಲ, ಹಾಕಮ್ಮಿ."

ಮಡಕಶಿರಾದ ಬೆಟ್ಟದ ಕೆಳಗಿನ ಆ ಎರಡು ಕೋಣೆಯ ಮನೆಗೆ ರಾಯದುರ್ಗ ಠಾಣೆಯ ಎ.ಎಸ್.ಐ. ಉಜ್ಜಿನಮ್ಮ ಬಂದದ್ದು ಹೇಳಿಕೆಯ ಮೇಲೆ ಒಂದು ಸಹಿಗಾಗಿ. ಜುಂಜಮ್ಮನ ದೊಡ್ಡ ಮಗಳು ರಮ್ಯ ರಾಯದುರ್ಗದ ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದವಳು, ಕಾಣೆಯಾಗಿ ಒಂಬತ್ತು ದಿನವಾಗಿತ್ತು. ಅವಳಿಗೆ ಏನೋ ಮಾಡಿದ್ದಾನೆಂದು ಲ್ಯಾಬಿನ ಅಟೆಂಡರ್ ಕದಿರಪ್ಪನನ್ನು ನಿನ್ನೆ ಸಂಜೆ ಐದಕ್ಕೆ ಲಾಕಪ್ಪಿಗೆ ಹಾಕಿಯಾಗಿತ್ತು. ಇವತ್ತು ಐದರೊಳಗೆ ಕೋರ್ಟಿಗೆ ಹಾಜರುಪಡಿಸಬೇಕು, ಅಲ್ಲಿಂದ ಅವನು ನೇರ ಜೈಲಿಗೆ.

ಕೇಸು ಕಬ್ಬಿಣದಷ್ಟು ಗಟ್ಟಿ ಎಂದು ಬೆಳಗಿನ ಜಾವ ಜೀಪು ಹತ್ತುವಾಗ ಉಜ್ಜಿನಮ್ಮ ನಂಬಿದ್ದಳು. ಆ ಕೇಸು ನಿಂತಿದ್ದದ್ದು ಒಂದು ಏಡಿಯ ಹೊಟ್ಟೆಯ ಮೇಲೆ.

ಗುಮ್ಮಘಟ್ಟದ ಕುರಿಗಾರರ ಮನೆಯಲ್ಲಿ ಹುಟ್ಟಿದವಳಿಗೆ ಏಡಿ ಹೊಸದಲ್ಲ. ಹಗರಿ ಹಳ್ಳದಲ್ಲಿ ಕಲ್ಲು ಎಬ್ಬಿಸಿ ಏಡಿ ಹಿಡಿದರೆ ಮೊದಲ ಕೆಲಸ ಅದನ್ನು ಅಂಗಾತ ಮಾಡುವುದು. ಹೊಟ್ಟೆಯ ಮಡಿಕೆ ಕಿರಿದಾಗಿ ಚೂಪಾಗಿದ್ದರೆ ಗಂಡು, ಬುಟ್ಟಿಗೆ ಹಾಕು. ಅಗಲವಾಗಿದ್ದರೆ ಹೆಣ್ಣು. ಮಡಿಕೆಯಡಿ ಹಳದಿ ಮೊಟ್ಟೆ ಕಂಡರೆ ಬಸುರಿ, ಕೈಮುಗಿದು ನೀರಿಗೆ ಬಿಡು. ಕೆಮ್ಮುವ ಮಕ್ಕಳಿಗೆ ಏಡಿ ಸಾರು ಕಾಯಿಸುತ್ತಿದ್ದ ಅವಳ ಅವ್ವ ಬಸುರಿ ಏಡಿಯನ್ನು ಮಾತ್ರ ಎಂದೂ ಒಲೆಗೆ ಏರಿಸಿದವಳಲ್ಲ.

ನಿನ್ನೆ ಹನ್ನೊಂದು ಗಂಟೆಗೆ ಕಾಲೇಜಿನ ಲ್ಯಾಬಿನಲ್ಲಿ ನಿಂತು, ರಮ್ಯ ಕಡಲ ತೀರದಿಂದ ತಂದು ಔಷಧಿಯಲ್ಲಿಟ್ಟಿದ್ದ ಏಡಿಗಳ ಸಾಲನ್ನು ನೋಡುತ್ತಿದ್ದಾಗ ಈ ವಿದ್ಯೆ ಉಪಯೋಗಕ್ಕೆ ಬಂದಿತ್ತು. ರಮ್ಯಳ ದಾಖಲೆ ಪುಸ್ತಕದಲ್ಲಿ ಹದಿನೇಳನೇ ಜಾಡಿಯ ಎದುರು 'ಗಂಡು' ಎಂದಿತ್ತು. ಜಾಡಿಯೊಳಗಿನ ಏಡಿಯ ಹೊಟ್ಟೆ ಅಂಗೈಯಗಲ, ಅದರಡಿ ಹಳದಿ ಗಡ್ಡೆ.

"ಇದು ಬಸುರಿ ಹೆಣ್ಣು. ಗಂಡು ತೆಗೆದು ಯಾರೋ ಹೆಣ್ಣು ಇಟ್ಟಾರ," ಎಂದು ಅವಳು ದೊಡ್ಡ ದನಿಯಲ್ಲೇ ಹೇಳಿದ್ದಳು. ಐವತ್ತೆರಡನೇ ವಯಸ್ಸಿನಲ್ಲಿ, ಓದಿದವರ ಲ್ಯಾಬಿನಲ್ಲಿ, ತನಗೆ ಗೊತ್ತಿರುವ ಒಂದು ವಿಷಯ ಸಿಕ್ಕಿದ ಖುಷಿ ಅದು.

ವಿಭಾಗದ ಮುಖ್ಯಸ್ಥ ಡಾಕ್ಟರ್ ಶಿವಶಂಕರ್ ತಲೆಯಾಡಿಸಿದ್ದರು. "ಹೌದ್ರಿ, ಹೆಣ್ಣೇ." ಕಾನ್‌ಸ್ಟೇಬಲ್ ರಾಮಾಂಜಿನೇಯ ಅದನ್ನು ಬರೆದುಕೊಂಡಿದ್ದ. ಕಪಾಟಿನ ಬೀಗದ ಕೈ ಇದ್ದ ಏಕೈಕ ಮನುಷ್ಯ ಕದಿರಪ್ಪ ಮಾತ್ರ, "ಈ ಜಾಡಿ ಯಾರೂ ಬದ್ಲಿ ಮಾಡಿಲ್ರಿ ಮೇಡಂ," ಎಂದು ಹಟ ಹಿಡಿದಿದ್ದ. ಆ ಹಟವೇ ಅವನಿಗೆ ಮುಳುವಾಯಿತು. ಮಧ್ಯಾಹ್ನ ಶಿವಶಂಕರ್ ಠಾಣೆಯಲ್ಲಿ ಕೂತು, ಕದಿರಪ್ಪ ಏಡಿಗಳನ್ನು ಬದಲಾಯಿಸಿ ಹೊರಗೆ ಸಾಗಿಸುತ್ತಾನೆಂದು ರಮ್ಯಳೇ ತಮಗೆ ಹೇಳಿದ್ದಳು, ಅವನಿಗೆ ಹೆದರುತ್ತಿದ್ದಳು ಎಂದು ಬರೆದುಕೊಟ್ಟ ಮೇಲಂತೂ ಉಜ್ಜಿನಮ್ಮ ಹಿಂದೆ ಮುಂದೆ ನೋಡಲಿಲ್ಲ.

ಮೌನಿಕಾ ಫೋನನ್ನು ರಾಗಿ ಡಬ್ಬಿಗೆ ಒರಗಿಸಿಟ್ಟಳು. ಪರದೆಯ ಮೇಲೆ ರಮ್ಯ ಬಂದಳು. ಕೈಯಲ್ಲಿ ಅದೇ ಜಾಡಿ, ಅದೇ ಹದಿನೇಳರ ಚೀಟಿ. ಜುಂಜಮ್ಮ ಸೆರಗಿನಿಂದ ಪರದೆ ಒರೆಸಿದಳು, ಧೂಳೇನೂ ಇರಲಿಲ್ಲ.

"ಅಮ್ಮಾ, ಸರಿಯಾಗಿ ನೋಡು. ಇದು ಹೆಣ್ಣಲ್ಲ, ಗಂಡು," ಎಂದಿತು ರಮ್ಯಳ ದನಿ. "ಬಂಡೆಗೆ, ದೋಣಿ ತಳಕ್ಕೆ ಸುಣ್ಣದ ಚಿಪ್ಪಿನಂಗೆ ಅಂಟ್ಕೊಂಡಿರ್ತಾವಲ್ಲ, ಬಾರ್ನಕಲ್ ಅಂತ, ಅವುಗಳ ದಾಯಾದಿ ಒಂದೈತೆ. ಸ್ಯಾಕ್ಯುಲಿನಾ ಅಂತಾರೆ. ಕಣ್ಣಿಗೆ ಕಾಣದಷ್ಟು ಮರಿ ಇದ್ದಾಗ ಏಡಿ ಮೈಮೇಲೆ ಕೂತು ಒಳಗೆ ತೂರ್ಕೊಂಡ್ಬಿಡುತ್ತೆ. ಆಮೇಲೆ ಬೇರು ಬಿಡುತ್ತೆ. ಹೊಟ್ಟೆಯಾಗೆ, ಕಾಲಾಗೆ, ಎಲ್ಲಾ ಕಡೆ. ಏಡಿ ಸಾಯಲ್ಲ. ಆದ್ರೆ ಚಿಪ್ಪು ಕಳಚೋದು ಬಿಡ್ತದೆ, ಮರಿ ಮಾಡೋದು ಬಿಡ್ತದೆ. ಉಣ್ಣೋದೆಲ್ಲ ಒಳಗಿರೋದಕ್ಕೇ ಹೋಗುತ್ತೆ. ಗಂಡಾದ್ರೆ ಕತ್ತರಿ ಕಾಲು ಸಣ್ಣದಾಗಿ, ಹೊಟ್ಟೆ ಹೆಣ್ಣಿನಂಗೆ ಅಗಲ ಆಗ್ಬಿಡುತ್ತೆ."

"ಮತ್ತೆ ಆ ಮೊಟ್ಟೆ?" ಎಂದು ವಿಡಿಯೊದ ಒಳಗಿಂದಲೇ ಜುಂಜಮ್ಮನ ದನಿ ಕೇಳಿತು.

"ಮೊಟ್ಟೆ ಅಲ್ಲಮ್ಮ, ಅದರ ಚೀಲ. ಏಡಿ ಮೊಟ್ಟೆ ಆದ್ರೆ ರಾಗಿ ಕಾಳಿನಂಗೆ ಬಿಡಿಬಿಡಿ ಇರ್ತದೆ. ಇದು ನುಣ್ಣಗೆ ಒಂದೇ ಗಂಟು, ಒಂದೇ ತೊಟ್ಟು. ಮುಟ್ಟಿದ್ರೆ ಗೊತ್ತಾಗುತ್ತೆ. ಪಾಪ, ಬದುಕಿದ್ದಾಗ ಇದು ತನ್ನವೇ ಮೊಟ್ಟೆ ಅಂದ್ಕೊಂಡು ದಿನಾ ತಿಕ್ಕಿ ತೊಳೆದು ಕಾವಲು ಕಾಯ್ತಿತ್ತು. ಗಂಡು ಏಡಿ ಕಣಮ್ಮ, ಬಾಣಂತಿ ಆಗೈತೆ."

ರಮ್ಯ ನಕ್ಕಳು. ವಿಡಿಯೊ ನಿಂತಿತು.

ಉಜ್ಜಿನಮ್ಮ ಮುಟ್ಟಿರಲಿಲ್ಲ. ಗಾಜಿನ ಹೊರಗಿನಿಂದ ನೋಡಿ ಒಬ್ಬ ಮನುಷ್ಯನನ್ನು ಒಳಗೆ ಹಾಕಿದ್ದಳು. ಕದಿರಪ್ಪನ ಹೆಂಡತಿ ಲಕ್ಷ್ಮಕ್ಕ ನಿನ್ನೆ ಸಂಜೆಯಿಂದ ಠಾಣೆಯ ಬೇವಿನ ಮರದ ಕೆಳಗೆ ಕೂತಿದ್ದವಳು, ಬೆಳಿಗ್ಗೆ ಹೊರಡುವಾಗಲೂ ಅಲ್ಲೇ ಇದ್ದಳು. ಅವಳ ಎದುರಿಗೇ ಕದಿರಪ್ಪನನ್ನು ಕಳ್ಳ ಎಂದು ಕರೆದದ್ದು ನೆನಪಾಗಿ ಉಜ್ಜಿನಮ್ಮನ ಕಿವಿ ಬಿಸಿಯಾಯಿತು. ನಾಚಿಕೆಯಿಂದ ಕೂರಲಾಗದೆ ಎದ್ದು ನಿಂತಳು.

"ಈ ವಿಡಿಯೊ ನನಗೆ ಕಳಿಸವ್ವ," ಎಂದಳು ಮೌನಿಕಾಗೆ.

"ಹೊಂಟೇಬಿಟ್ರಾ? ಜೀಪಿನಾಗಿರೋರೂ ಒಂದ್ಲೋಟ ಮಜ್ಜಿಗೆ ಕುಡೀಲಿ," ಎಂದು ಜುಂಜಮ್ಮ ಬಾಗಿಲಿಗೆ ಬಂದಳು.

ರಾಮಾಂಜಿನೇಯ ಜೀಪಿನಿಂದ ಇಳಿಯಲೇ ಇಲ್ಲ. ಹೊಟ್ಟೆ ಸರಿಯಿಲ್ಲ ಎಂದು ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಕೈಯಾಡಿಸಿದ. ಚುರುಕಿನ ಹುಡುಗ, ಮೂವತ್ತು ತುಂಬಿಲ್ಲ. ಬೆಳಿಗ್ಗೆ ಯಾರನ್ನೂ ದಾರಿ ಕೇಳದೆ, ಸಂದಿಯಿಂದ ಸಂದಿಗೆ ಜೀಪು ತಿರುಗಿಸಿ ಇದೇ ಬಾಗಿಲಿಗೆ ತಂದು ನಿಲ್ಲಿಸಿದ್ದ. ಆಗ ಉಜ್ಜಿನಮ್ಮ ಶಹಬ್ಬಾಸ್ ಎಂದಿದ್ದಳು.

ದಾರಿಯುದ್ದಕ್ಕೂ ಅವಳ ಕೈ ಸುಮ್ಮನಿರಲಿಲ್ಲ. ಕಿಟಕಿಯ ಗಾಜು ಏರಿಸಿದಳು, ಇಳಿಸಿದಳು, ವಾಚು ನೋಡಿದಳು. ಠಾಣೆಗೆ ಫೋನ್ ಮಾಡಿ ಕದಿರಪ್ಪನನ್ನು ಬಿಡಿ ಎನ್ನಬೇಕು. ಎಸ್.ಐ. ಸಾಹೇಬರು ಬಂದೋಬಸ್ತಿಗೆ ಹೋಗಿದ್ದರಿಂದ ಕೇಸು ಅವಳದೇ, ಮಾತೂ ಅವಳದೇ. ಆದರೆ ಏನೆಂದು ಹೇಳುವುದು? ಏಡಿಯ ಹೊಟ್ಟೆ ನೋಡಿ ಮೋಸಹೋದೆ ಎಂದರೆ ನಾಳೆಯಿಂದ ಠಾಣೆಯವರೆಲ್ಲ ಅವಳ ಬೆನ್ನ ಹಿಂದೆ ಕಾಲು ಅಡ್ಡಡ್ಡ ಹಾಕಿ ನಡೆಯುತ್ತಾರೆ. ಮೊದಲು ಜಾಡಿ ತೆಗೆದು ಮುಟ್ಟಿ ನೋಡೋಣ, ಆಮೇಲೆ ಹೇಳೋಣ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸೋಲು ಒಪ್ಪಲು ಇನ್ನೆರಡು ತಾಸು ಕೇಳಿದಳು, ಅಷ್ಟೇ.

ಪಾವಗಡದಲ್ಲಿ ರಾಮಾಂಜಿನೇಯ ಚಹಾ ತಂದುಕೊಟ್ಟ.

"ಇದಾದರೂ ಬಿಸಿ ಐತಿ," ಎಂದಳು ಉಜ್ಜಿನಮ್ಮ. "ನಿನ್ನೆ ಮಧ್ಯಾಹ್ನ ಠಾಣೆ ಎದುರಿನ ಅಂಗಡಿಯಿಂದ ಚಹಾ ತರಾಕ ಅರ್ಧ ತಾಸು ಹಿಡೀತು ನಿನಗ. ಅದೂ ತಣ್ಣಗ."

"ಹಾಲು ಒಡೆದಿತ್ರಿ ಮೇಡಂ," ಎಂದ ಅವನು. ಖಾಲಿ ಲೋಟ ತೆಗೆದುಕೊಳ್ಳುತ್ತ ಕೇಳಿದ, "ಅಮ್ಮನ ಮನ್ಯಾಗ ಹೊಸಾದು ಏನರೆ ಸಿಕ್ತೇನ್ರಿ?"

"ಸಹಿ ಸಿಕ್ತು."

ರಾಯದುರ್ಗ ಮುಟ್ಟಿದಾಗ ಎರಡೂಕಾಲು. ಕಾಲೇಜಿನ ಗೇಟಿನಲ್ಲಿ ಅವಳು ಇಳಿದಳು.

"ನಮ್ಮ ಕೋರ್ಟಿನ ಜಡ್ಜ್ ಸಾಹೇಬ್ರು ರಜಾದ ಮ್ಯಾಲ ಅದಾರ್ರಿ. ಕದಿರಪ್ಪನ್ನ ಕಲ್ಯಾಣದುರ್ಗಕ್ಕ ಒಯ್ಯಬೇಕು, ತಾಸಿನ ದಾರಿ," ಎಂದ ರಾಮಾಂಜಿನೇಯ.

"ನಾನು ಫೋನ್ ಮಾಡೋತನಕ ಹೊರಡಬ್ಯಾಡ."

"ಆಯ್ತ್ರಿ ಮೇಡಂ."

ಲ್ಯಾಬಿನಲ್ಲಿ ಫ್ಯಾನಿರಲಿಲ್ಲ, ಫಾರ್ಮಲಿನ್ ವಾಸನೆಗೆ ಕಣ್ಣು ಉರಿಯಿತು. ಶಿವಶಂಕರ್ ಒಬ್ಬರೇ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಇಸ್ತ್ರಿ ಶರ್ಟು, ನೆಟ್ಟಗೆ ಬಾಚಿದ ತಲೆ, ಎದ್ದು ಕುರ್ಚಿ ಕೊಡುವ ಮರ್ಯಾದೆ. ಅವರ ತಲೆಯ ಹಿಂದೆ ಗೋಡೆಯ ಮೇಲೆ ಡಾಕ್ಟರೇಟಿನ ಫೋಟೊ. ನಿಲುವಂಗಿ, ಚೌಕದ ಟೊಪ್ಪಿಗೆ, ಕೆಳಗೆ ಚಿನ್ನದ ಬಣ್ಣದಲ್ಲಿ ಪ್ರಬಂಧದ ಹೆಸರು: 'ಪೂರ್ವ ಕರಾವಳಿಯ ಏಡಿಗಳಲ್ಲಿ ಪರೋಪಜೀವಿಗಳು.' ನಿನ್ನೆಯೂ ಅದು ಅಲ್ಲೇ ಇತ್ತು. ನಿನ್ನೆ ಉಜ್ಜಿನಮ್ಮ ಅದನ್ನು ಓದಿರಲಿಲ್ಲ.

ಅವಳು ಕೂರಲಿಲ್ಲ. ನಿನ್ನೆ ಕದಿರಪ್ಪನಿಂದ ಕಿತ್ತುಕೊಂಡಿದ್ದ ಬೀಗದ ಕೈಯಿಂದ ಕಪಾಟು ತೆಗೆದು ಹದಿನೇಳನೇ ಜಾಡಿಯನ್ನು ಮೇಜಿನ ಮೇಲಿಟ್ಟಳು.

"ಸಾರ್, ಇನ್ನೊಮ್ಮೆ ನೋಡ್ರಿ. ಗಂಡೋ ಹೆಣ್ಣೋ?"

ಶಿವಶಂಕರ್ ಕನ್ನಡಕ ಸರಿಪಡಿಸಿಕೊಂಡು ಬಗ್ಗಿದರು. "ಹೆಣ್ಣು, ಮೇಡಂ. ನೀವೇ ಕಂಡುಹಿಡಿದಿರಲ್ರಿ. ತತ್ತಿ ಕಾಣಾಕತ್ತಾವ."

"ಮುಟ್ಟಿ ಹೇಳ್ತೀರೇನು?"

"ಮುಟ್ಟೋದು ಯಾಕ್ರಿ?"

ಅವಳು ಮುಚ್ಚಳ ತಿರುವಿ, ಇಕ್ಕಳದಲ್ಲಿ ಏಡಿಯನ್ನು ಎತ್ತಿ ತಟ್ಟೆಯಲ್ಲಿ ಅಂಗಾತ ಮಲಗಿಸಿದಳು. ಕೈಗವಸು ಹಾಕಿಕೊಂಡು ಹೊಟ್ಟೆಯ ಮಡಿಕೆ ಎತ್ತಿದಳು. ಕಾಳುಗಳಿರಲಿಲ್ಲ. ನುಣ್ಣನೆಯ ಒಂದು ಚೀಲ, ಒಂದೇ ತೊಟ್ಟು. ಬೆರಳು ಜಾರಿತು. ಹಗರಿಯಲ್ಲಿ ಮುಟ್ಟಿದ ನೂರಾರು ಏಡಿಗಳಲ್ಲಿ ಒಂದರ ಹೊಟ್ಟೆಯೂ ಹೀಗಿರಲಿಲ್ಲ, ಇದನ್ನು ತಿಳಿಯಲು ಯಾವ ಡಾಕ್ಟರೇಟೂ ಬೇಕಿರಲಿಲ್ಲ.

"ಇದು ಗಂಡು ಸಾರ್. ಒಳಗ ಇನ್ನೊಂದು ಜೀವ ಸೇರಿಕೊಂಡು ಹಿಂಗ ಮಾಡೈತಿ. ಹೆಸರು ಸ್ಯಾಕ್ಯುಲಿನಾ. ನನಗ ಇವತ್ತು ಬೆಳಿಗ್ಗೆ ಗೊತ್ತಾತು, ಕುರಿ ಕಾಯೋರ ಮಗಳು ನಾನು. ನೀವು ಇದರ ಮ್ಯಾಲೆ ಮುನ್ನೂರು ಪುಟ ಬರ್ದೀರಿ ಅಂತ ಗೋಡೆ ಹೇಳ್ತೈತಿ."

ಶಿವಶಂಕರ್ ಗೋಡೆಯ ಕಡೆ ತಿರುಗಲಿಲ್ಲ.

"ಎರಡರಾಗ ಒಂದು ಹೇಳ್ರಿ," ಎಂದಳು ಉಜ್ಜಿನಮ್ಮ. "ಗೊತ್ತಿದ್ದೂ ಹೆಣ್ಣು ಅಂದ್ರೋ? ಹಂಗಾದ್ರ ಕದಿರಪ್ಪನ್ನ ಸಿಗಿಸಾಕ ಸುಳ್ಳು ಹೇಳಿದ್ರಿ. ಇಲ್ಲಾ, ನಿಮಗ ಗೊತ್ತೇ ಇರಲಿಲ್ಲೋ?"

ಮೇಜಿನ ಮೇಲಿನ ಕೆಂಪು ಪೆನ್ನು ಉರುಳಿ ಕೆಳಗೆ ಬಿತ್ತು. ಅವರು ಎತ್ತಿಕೊಳ್ಳಲಿಲ್ಲ. ಹೊರಗೆ ಯಾವುದೋ ಕ್ಲಾಸಿನ ಗಂಟೆ ಬಾರಿಸಿತು.

"ಗೊತ್ತಿರಲಿಲ್ರಿ," ಎಂದರು ಕೊನೆಗೆ, ದನಿ ಕೇಳಿಸದಷ್ಟು ಸಣ್ಣಗೆ. "ಆ ಮುನ್ನೂರು ಪುಟ ರಮ್ಯ ಬರೆದದ್ದು. ನನ್ನ ಹತ್ರ ಎಂ.ಎಸ್ಸಿ. ಓದೋವಾಗಿಂದ ಎಲ್ಲಾ ಆಕಿನೇ. ಕಡಲಿಗೆ ಹೋಗಾಕಿ ಆಕಿ, ಕೊಯ್ದು ನೋಡಾಕಿ ಆಕಿ. ನಾನು ಸಹಿ ಹಾಕ್ತಿದ್ದೆ. ಮುಂದ ಪರ್ಮನೆಂಟ್ ಮಾಡಿಸ್ತೀನಿ ಅಂತ ಹೇಳಿದ್ದೆ."

"ಮಾಡಿಸಿದ್ರೇನು?"

ಅವರು ಉತ್ತರ ಪತ್ರಿಕೆಗಳನ್ನು ಜೋಡಿಸತೊಡಗಿದರು. ಉಜ್ಜಿನಮ್ಮನಿಗೆ ಅಸಹ್ಯವಾಯಿತು. ತಟ್ಟೆಯಲ್ಲಿ ಬಿದ್ದಿದ್ದ ಏಡಿಯನ್ನು ನೋಡಿದಳು, ಅವರನ್ನು ನೋಡಿದಳು. ಆದರೆ ಅಸಹ್ಯಪಡುತ್ತ ಕೂರಲು ಹೊತ್ತಿರಲಿಲ್ಲ. ಗಡಿಯಾರ ಮೂರು ತೋರಿಸುತ್ತಿತ್ತು.

"ಸರಿ, ನಿಮಗ ಏಡಿ ಗೊತ್ತಿಲ್ಲ. ಆದರ ಠಾಣ್ಯಾಗ ಕೂತು, ಕದಿರಪ್ಪ ಏಡಿ ಬದಲಾಯಿಸ್ತಾನ ಅಂತ ರಮ್ಯನೇ ಹೇಳಿದ್ಲು ಅಂದ್ರಿ. ಬದಲಾಗದೇ ಇದ್ದ ಜಾಡಿ ಬದಲಾತು ಅಂತ ರಮ್ಯ ಹೆಂಗ ಹೇಳ್ತಾಳ? ಇದು ಗಂಡು ಅಂತ ಆಕಿಗಿಂತ ಚೆನ್ನಾಗಿ ಬಲ್ಲೋರು ಯಾರು?"

ಶಿವಶಂಕರ್ ಕಿಸೆಯಿಂದ ಫೋನ್ ತೆಗೆದು, ಏನನ್ನೋ ಹುಡುಕಿ ಅವಳ ಮುಂದಿಟ್ಟರು.

"ಮೊದಲು ಹೇಳಿರಲಿಲ್ರಿ. ನಿನ್ನೆ ಮೆಸೇಜ್ ಬಂತು. ರಮ್ಯನ ನಂಬರಿಂದ."

ಉಜ್ಜಿನಮ್ಮ ಫೋನನ್ನು ಕಸಿದುಕೊಂಡಳು. ಒಂಬತ್ತು ದಿನದಿಂದ ಸ್ವಿಚ್ ಆಫ್ ಆಗಿದ್ದ ನಂಬರು ಅದು. ಟವರ್ ವಿವರ ಅನಂತಪುರದಿಂದ ಇನ್ನೂ ಬಂದಿರಲಿಲ್ಲ. ಅವಳು ಓದಿದಳು.

'ಸಾರ್, ಕದಿರಪ್ಪನ ಭಯಕ್ಕೆ ದೂರ ಬಂದಿದ್ದೇನೆ. ಹದಿನೇಳನೇ ಜಾಡಿಯಲ್ಲಿ ಗಂಡು ತೆಗೆದು ಹೆಣ್ಣು ಇಟ್ಟಿದ್ದಾನೆ. ನಾನು ನಿಮಗೆ ಮೊದಲೇ ಹೇಳಿದ್ದೆ ಎಂದು ಪೊಲೀಸರಿಗೆ ಹೇಳಿ. ಈ ಮೆಸೇಜ್ ತೋರಿಸಿದರೆ ನಿಮ್ಮ ಪ್ರಬಂಧ ಯಾರು ಬರೆದದ್ದೆಂದು ಎಲ್ಲರಿಗೂ ತಿಳಿಯುತ್ತದೆ.'

ಸಮಯ ನಿನ್ನೆ ಮಧ್ಯಾಹ್ನ ಹನ್ನೆರಡು ಹತ್ತು.

"ಆಕಿ ಬದುಕ್ಯಾಳ ಅಂತ ಸಮಾಧಾನ ಆತ್ರಿ ನನಗ," ಎಂದರು ಶಿವಶಂಕರ್. "ಅದಕ್ಕ ಹೇಳಿದಂಗ ಹೇಳಿಬಿಟ್ಟೆ."

ಉಜ್ಜಿನಮ್ಮ ಮತ್ತೊಮ್ಮೆ ಓದಿದಳು. ಗಂಡು ತೆಗೆದು ಹೆಣ್ಣು. ರಮ್ಯ ಸತ್ತರೂ ಬರೆಯದ ಮಾತು ಅದು. ಜಗತ್ತಿನಲ್ಲಿ ಆ ಜಾಡಿಯಲ್ಲಿ ಹೆಣ್ಣಿದೆ ಎಂದು ಜಗಳಕ್ಕೆ ನಿಂತವಳು ಒಬ್ಬಳೇ, ಉಜ್ಜಿನಮ್ಮ. ಮಾತೂ ಅವಳದೇ, ಅಕ್ಷರಕ್ಕೆ ಅಕ್ಷರ ಅವಳದೇ. ಹನ್ನೊಂದು ಗಂಟೆಗೆ ಈ ಲ್ಯಾಬಿನಲ್ಲಿ ಅವಳ ಬಾಯಿಂದ ಹುಟ್ಟಿದ ತಪ್ಪು, ಒಂದು ತಾಸು ಹತ್ತು ನಿಮಿಷ ಕಳೆಯುವಷ್ಟರಲ್ಲಿ ರಮ್ಯಳ ಫೋನಿನಿಂದ ಹೊರಬಂದಿತ್ತು.

ರಮ್ಯಳ ಫೋನು ಯಾರ ಕೈಯಲ್ಲಿದೆಯೋ ಅವರು ನಿನ್ನೆ ಈ ಕೋಣೆಯಲ್ಲಿದ್ದರು.

ನಾಲ್ಕು ಜನ. ಅವಳು ಬಿಟ್ಟರೆ ಮೂವರು. ಕದಿರಪ್ಪ ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕಿಕೊಳ್ಳುವ ಮೆಸೇಜು ಕಳಿಸುವುದಿಲ್ಲ. ಶಿವಶಂಕರ್ ಇಲ್ಲಿಂದ ಅವಳ ಜೊತೆಗೇ ಜೀಪಿನಲ್ಲಿ ಠಾಣೆಗೆ ಬಂದು, ಹನ್ನೆರಡರಿಂದ ಒಂದರವರೆಗೆ ಅವಳ ಎದುರು ಕೂತಿದ್ದರು. ಹನ್ನೆರಡು ಹತ್ತಕ್ಕೆ ಮೇಜಿನ ಮೇಲೆ ಇವರ ಫೋನು ಗುಂಯ್ ಎಂದದ್ದು, ಇವರು ನೋಡಿ ನೀರು ಕೇಳಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಆಗ ನೀರು ತಂದುಕೊಟ್ಟವಳು ಮಹಿಳಾ ಕಾನ್‌ಸ್ಟೇಬಲ್ ರಾಧಾ. ಯಾಕೆಂದರೆ ರಾಮಾಂಜಿನೇಯ ಚಹಾಕ್ಕೆ ಹೋಗಿದ್ದ. ಅರ್ಧ ತಾಸು.

ಎದುರಿನ ಅಂಗಡಿ. ತಣ್ಣಗಿನ ಚಹಾ. ಯಾರನ್ನೂ ಕೇಳದೆ ಮಡಕಶಿರಾದ ಸಂದಿಯಲ್ಲಿ ತಿರುಗಿದ ಜೀಪು. ಜುಂಜಮ್ಮ ಗುರುತು ಹಿಡಿಯದಂತೆ ಮುಖ ಮುಚ್ಚಿದ ಟವೆಲ್ಲು.

ಉಜ್ಜಿನಮ್ಮ ಕೈಗವಸು ಕಿತ್ತೆಸೆದು ಫೋನ್ ಹಿಡಿದಳು. ರಾಮಾಂಜಿನೇಯನ ನಂಬರು ಹೊಡೆಯಲು ಹೋದ ಬೆರಳನ್ನು ತಡೆದು ಠಾಣೆಗೆ ಹೊಡೆದಳು. ರಾಧಾ ಎತ್ತಿದಳು.

"ರಾಧಾ, ಕದಿರಪ್ಪನ್ನ ಲಾಕಪ್ಪಿನಿಂದ ಯಾರಿಗೂ ಕೊಡಬ್ಯಾಡ. ರಾಮಾಂಜಿನೇಯಗೂ ಕೊಡಬ್ಯಾಡ."





"ಆಗಲೇ ಕರ್ಕೊಂಡು ಹೋದನಲ್ರಿ ಮೇಡಂ. ಇಪ್ಪತ್ತು ನಿಮಿಷ ಆತು. ನೀವು ಫೋನ್ ಮಾಡಿ ಹೇಳೀರಿ ಅಂದ. ಜೋಡಿಗೆ ಇನ್ನೊಬ್ಬರು ಬರ್ಲೇನು ಅಂದ್ರ, ಬ್ಯಾಡ, ಮೇಡಂ ಕಾಲೇಜಿನ ಹತ್ರ ಹತ್ತತಾರ ಅಂದ."

ಕಿಟಕಿಯಾಚೆ ಕಾಲೇಜಿನ ಗೇಟು ಕಾಣುತ್ತಿತ್ತು. ಅಲ್ಲಿ ಯಾವ ಜೀಪೂ ಇರಲಿಲ್ಲ. ಪಾವಗಡದಲ್ಲೇ ಒಂದು ಮಾತು ಆಡಿದ್ದರೆ, ತಪ್ಪಾಯಿತು ಎಂದು ಠಾಣೆಗೆ ಒಂದೇ ಒಂದು ಫೋನು ಮಾಡಿದ್ದರೆ, ಕದಿರಪ್ಪ ಈ ಹೊತ್ತಿಗೆ ತನ್ನ ಮನೆಯಲ್ಲಿ ಉಣ್ಣುತ್ತಿದ್ದ. ನಾಚಿಕೆ ಉಳಿಸಿಕೊಳ್ಳಲು ತೆಗೆದುಕೊಂಡ ಎರಡು ತಾಸು ಅದು.

"ಕಲ್ಯಾಣದುರ್ಗ ಠಾಣೆಗೆ ಫೋನ್ ಮಾಡು. ದಾರ್ಯಾಗ ಜೀಪು ತಡೀಲಿ."

"ಅದು ಆಗಂಗಿಲ್ರಿ ಮೇಡಂ," ಎಂದಳು ರಾಧಾ, ಅಳು ತಡೆದ ದನಿಯಲ್ಲಿ. "ಲಕ್ಷ್ಮಕ್ಕ ಗಂಡಗ ಬುತ್ತಿ ಕೊಡಾಕ ಜೀಪಿನ ಹಿಂದ ಸರ್ಕಲ್ ತನಕ ಓಡ್ಯಾಳ. ಈಗ ವಾಪಸ್ ಬಂದು ನನ್ನ ಮುಂದ ನಿಂತಾಳ. ಜೀಪು ಕಲ್ಯಾಣದುರ್ಗದ ಕಡಿಗೆ ಹೋಗ್ಲಿಲ್ಲಂತ, ಬಳ್ಳಾರಿ ಗಡಿ ಕಡಿಗಿನ ಹಿರೇಹಾಳ ರೋಡಿಗೆ ತಿರುಗ್ತಂತ. ಕೋರ್ಟು ಬಳ್ಳಾರಿಗೆ ಹೋಗೈತೇನಮ್ಮ ಅಂತ ಕೇಳಾಕತ್ಯಾಳ. ಏನು ಹೇಳ್ಲಿ?"